ಕ್ಯಾರೆಟ್ಟಿನ ತಪ್ಪಿಗೆ ಬೀಟ್‌ರೂಟಿಗೆ ಶಿಕ್ಷೆ

ಕೈತೋಟದ ತರಬೇತಿಗಳಲ್ಲಿ ಯಾರೂ ಎದುರಾಡದ ಮಾತೊಂದಿದೆ: ಗಡ್ಡೆ ತರಕಾರಿಯ ಸಸಿಯನ್ನು ಕಿತ್ತು ನೆಡಬಾರದು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಬೇಕಾದರೆ ಒಟ್ಲು ಬಿಡಿ, ಟ್ರೇಯಲ್ಲಿ ಎಬ್ಬಿಸಿ, ನಾಟಿ ಮಾಡಿ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಟರ್ನಿಪ್ ಮಾತ್ರ ಬೀಜ ಬಿದ್ದ ಜಾಗದಲ್ಲೇ ಬೆಳೆಯಬೇಕು, ಮುಟ್ಟಿದರೆ ಕೆಟ್ಟಿತು. ಬೀಜದ ಪೊಟ್ಟಣದ ಹಿಂಬದಿಯಲ್ಲಿ ಇದೇ ಮಾತು, ತಾರಸಿ ತೋಟದ ಭಾನುವಾರದ ಪಾಠದಲ್ಲೂ ಇದೇ ಮಾತು. ಇಂಥ ಒಂದು ಪಾಠದಲ್ಲಿ ಹೊಸದಾಗಿ ತೋಟಕ್ಕಿಳಿದ ಹೆಂಗಸೊಬ್ಬರು ಎದ್ದು ನಿಂತು, “ಸರ್, ಬೀಟ್‌ರೂಟ್ ತುಂಬ ಒತ್ತಾಗಿ ಹುಟ್ಟಿದೆ. ನಡುನಡುವೆ ಕಿತ್ತ ಸಸೀನ ಏನು ಮಾಡ್ಲಿ?” ಅಂದರು. “ಕಾಂಪೋಸ್ಟಿಗೆ ಹಾಕಿ ಅಮ್ಮ, ಗಡ್ಡೆ ತರಕಾರಿ ಮತ್ತೆ ಹತ್ತೋದಿಲ್ಲ” ಎಂದು ಉತ್ತರ ಬಂತು. ಅವರು ಅದನ್ನು ಶ್ರದ್ಧೆಯಿಂದ ಬರೆದುಕೊಂಡರು.

ಆ ಉತ್ತರ ತಪ್ಪು. ಸ್ವಲ್ಪ ಹೆಚ್ಚುಕಡಿಮೆಯಾದ ತಪ್ಪಲ್ಲ, ಪೂರ್ತಿ ತಪ್ಪು. ಬೀಟ್‌ರೂಟ್ ಸಸಿ ಕಿತ್ತು ನೆಟ್ಟರೆ ಹತ್ತುತ್ತದೆ, ಗಡ್ಡೆಯೂ ಕಟ್ಟುತ್ತದೆ. ಕ್ಯಾರೆಟ್‌ಗೆ ಸಲ್ಲುವ ಎಚ್ಚರಿಕೆಯೊಂದನ್ನು ಮಣ್ಣೊಳಗೆ ದಪ್ಪಗಾಗುವ ಎಲ್ಲದರ ಮೇಲೂ ಹೇರಿ, ಅದನ್ನೇ ಶಾಸ್ತ್ರ ಮಾಡಿಕೊಂಡದ್ದು ನಮ್ಮ ಕೈತೋಟದ ಗುರುಗಳ ಸೋಮಾರಿತನ.

ಮೊದಲು ಈ ನಿಯಮದ ಒಳಗೆ ಯಾರು ಯಾರನ್ನು ಕೂಡಿಹಾಕಿದ್ದಾರೆ ನೋಡೋಣ. ಈರುಳ್ಳಿಯನ್ನು ಗಡ್ಡೆಯೆಂದೇ ಎಲ್ಲರೂ ಕರೆಯುತ್ತಾರೆ. ಅದನ್ನು ನೇರವಾಗಿ ಬಿತ್ತುವವರು ಇದ್ದಾರೆ, ಸಸಿಮಡಿಯಲ್ಲಿ ಆರೇಳು ವಾರ ಬೆಳೆಸಿ ಕಿತ್ತು, ಕಂತೆ ಕಟ್ಟಿ ಹೊಲಕ್ಕೆ ಒಯ್ದು ನಾಟಿ ಮಾಡುವವರೂ ಇದ್ದಾರೆ. ನವಿಲುಕೋಸಿನ ಸಸಿಯನ್ನಂತೂ ನಾಟಿ ಮಾಡುವುದೇ ರೂಢಿ. ಗೆಣಸಿಗೆ ಬೀಜವೂ ಬೇಡ, ಬಳ್ಳಿಯ ತುಂಡು ಸಾಕು. ಇಷ್ಟು ಹೇಳಿದ ಕೂಡಲೇ ನಿಯಮದವರು, ಈರುಳ್ಳಿ ಎಲೆಬುಡ, ನವಿಲುಕೋಸು ಕಾಂಡ, ನಾವು ಹೇಳುವುದು ನಿಜವಾದ ಬೇರುಗಳ ವಿಷಯ ಎನ್ನುತ್ತಾರೆ. ಒಪ್ಪೋಣ. ಆದರೆ ಗೆಣಸು ಅಪ್ಪಟ ಬೇರು, ಅದನ್ನೇನು ಮಾಡುತ್ತೀರಿ? ಅದೂ ಹೋಗಲಿ. ದಪ್ಪಗಾಗುವ ಭಾಗ ಯಾವುದು ಎಂಬ ಪ್ರಶ್ನೆಯನ್ನು ಅವರೇ ಎತ್ತಿದ್ದಾರಲ್ಲ, ಅದನ್ನೇ ಬೀಟ್‌ರೂಟಿಗೂ ಕೇಳಬೇಕು. ಅಲ್ಲಿಗೆ ಬಂದಾಗ ಮಾತ್ರ ಅವರು ಮಾತು ಬದಲಿಸುತ್ತಾರೆ.

ಮಾರುಕಟ್ಟೆಯಿಂದ ಎಲೆ ಸಮೇತ ಒಂದು ಬೀಟ್‌ರೂಟ್ ತಂದು ಅಂಗೈ ಮೇಲಿಟ್ಟು ನೋಡಿ. ಭುಜದ ಭಾಗ ಒರಟಾಗಿ, ಕಂದಾಗಿರುತ್ತದೆ, ಏಕೆಂದರೆ ಅದು ಬೆಳೆದದ್ದು ಮಣ್ಣಿನ ಮೇಲೆ, ಬಿಸಿಲಿಗೆ ಮೈಯೊಡ್ಡಿ. ಕೆಳಗೆ ಗುಂಡು ಇದ್ದಕ್ಕಿದ್ದಂತೆ ಸಣ್ಣದಾಗಿ ಇಲಿಯ ಬಾಲದಂಥ ಎಳೆಯಾಗಿ ಇಳಿಯುತ್ತದೆ. ತಾಯಿಬೇರು ಎಂದರೆ ಮುಖ್ಯವಾಗಿ ಆ ಬಾಲ. ನಾವು ತೊಳೆದು, ಕತ್ತರಿಸಿ, ಸಿಪ್ಪೆಯ ಜೊತೆ ಎಸೆಯುವ ತುಂಡು ಅದೇ. ಗುಂಡಾದ ಭಾಗ ಹುಟ್ಟಿದ್ದು ಬೀಜದೆಲೆಗೂ ಬೇರಿಗೂ ನಡುವಿನ ಎಳೆ ಕಾಂಡದಿಂದ ಮತ್ತು ಅದಕ್ಕಂಟಿದ ಬೇರಿನ ಮೇಲ್ತುದಿಯಿಂದ. ಅಡ್ಡಲಾಗಿ ಕೊಯ್ದರೆ ಕಾಣುವ ಉಂಗುರಗಳೆಲ್ಲ ಅಲ್ಲೇ ಒಂದರ ಹೊರಗೊಂದು ಕಟ್ಟಿಕೊಂಡವು. ಎಳೆಯ ಸಸಿ ಕೀಳುವಾಗ ತುಂಡಾಗುವುದು ಬೇರಿನ ತುದಿ. ತುದಿ ಮುರಿದರೆ ಬಾಲ ಎರಡಾದೀತು, ಮೂರಾದೀತು. ಗುಂಡಿಗೆ ಅದರಿಂದ ಆಗುವ ನಷ್ಟ ಬಹಳ ಕಡಿಮೆ. ಟರ್ನಿಪ್‌ದೂ ಇದೇ ಕಥೆ, ಗುಂಡಗಿನ ಕೆಂಪು ಮೂಲಂಗಿಯದೂ ಇದೇ.

ಕ್ಯಾರೆಟ್ ಬೇರೆ ಜಾತಿಯ ಗಿರಾಕಿ. ಅಲ್ಲಿ ನಾವು ತಿನ್ನುವುದು ತಾಯಿಬೇರನ್ನೇ. ಮೊಳಕೆಯೊಡೆದ ಮೇಲೆ ಆ ಬೇರು ಮೊದಲು ಉದ್ದಕ್ಕೆ ಇಳಿಯುತ್ತದೆ, ಆಮೇಲೆ ಇಳಿದಷ್ಟು ಉದ್ದಕ್ಕೂ ದಪ್ಪವಾಗುತ್ತದೆ. ಮೇಲೆ ಎರಡು ಮೂರು ಗರಿ ಎಲೆ ಕಾಣುವ ಹೊತ್ತಿಗೆ ಕೆಳಗೆ ಬೇರು ಎಲೆಯ ಎತ್ತರವನ್ನು ಮೀರಿ ಇಳಿದಿರುತ್ತದೆ. ಅಂಥ ಸಸಿಯನ್ನು ಎಳೆದು ಕಿತ್ತರೆ ತುದಿ ಮಣ್ಣಲ್ಲೇ ಉಳಿಯುತ್ತದೆ. ತುದಿ ಹೋದ ಬೇರು ಪಕ್ಕದ ಬೇರುಗಳನ್ನು ಎಬ್ಬಿಸುತ್ತದೆ, ಅವೂ ದಪ್ಪವಾಗುತ್ತವೆ, ಕ್ಯಾರೆಟ್‌ಗೆ ಕಾಲು ಮೂಡುತ್ತದೆ. ಬೇರು ತುಂಡಾಗದೆ ಗುಳಿಯಲ್ಲಿ ಮಡಚಿಕೊಂಡರೂ ಅಷ್ಟೇ, ಕೊಕ್ಕೆಯಾಗಿ ಬೆಳೆಯುತ್ತದೆ. ಉದ್ದನೆಯ ಬಿಳಿ ಮೂಲಂಗಿಗೂ ಈ ಅಪಾಯ ಇದೆ. ಇವೆರಡರ ಮಟ್ಟಿಗೆ ನಿಯಮದವರು ಹೇಳುವುದು ಸರಿ, ಅದರಲ್ಲಿ ಕೊಸರಾಡುವುದಕ್ಕೆ ಏನೂ ಇಲ್ಲ.

ಹಾಗೆಂದು ಕವಲೊಡೆದ ಪ್ರತಿ ಕ್ಯಾರೆಟ್ಟೂ ಅವರ ಕಡೆಯ ಸಾಕ್ಷಿ ಅಲ್ಲ. ನೇರ ಬಿತ್ತಿದ ಮಡಿಯಲ್ಲಿ, ಯಾರೂ ಮುಟ್ಟದ ಸಾಲಿನಲ್ಲಿ, ಕಾಲು ಮೂಡಿದ ಕ್ಯಾರೆಟ್ ಬೇಕಾದಷ್ಟು ಸಿಗುತ್ತವೆ. ಗರಸು ಮಣ್ಣಿನ ಕಲ್ಲು ತಾಗಿದರೆ ಬೇರು ಕವಲೊಡೆಯುತ್ತದೆ. ಪೂರ್ತಿ ಕೊಳೆಯದ ಕೊಟ್ಟಿಗೆ ಗೊಬ್ಬರ ಹಾಕಿದರೂ ಕವಲೊಡೆಯುತ್ತದೆ. ಗುದ್ದಲಿ ತಾಗದ ಕೆಳಪದರ ಗಟ್ಟಿಯಾಗಿದ್ದರೆ ಮೊಂಡಾಗುತ್ತದೆ. ಬೇರುಗಂಟಿನ ಜಂತುಹುಳು ಇರುವ ಮಣ್ಣಾದರೆ ಗಂಟುಗಂಟಾಗಿ, ಬೆರಳು ಬೆರಳಾಗಿ ಒಡೆಯುತ್ತದೆ. ನಮ್ಮ ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಟೊಮೆಟೊ, ಬದನೆ ಬೆಳೆದ ಜಾಗವಾದರೆ ಈ ಹುಳುವಿನ ಕಾಟ ಇನ್ನೂ ಹೆಚ್ಚು. ನೇರ ಬಿತ್ತಿದಾಗ ಕವಲಾದರೆ ಮಣ್ಣಿನ ದೋಷ, ನೆಟ್ಟಾಗ ಕವಲಾದರೆ ನಾಟಿಯ ದೋಷ ಎಂಬುದು ಯಾವ ನ್ಯಾಯ? ಕುಂಡಕ್ಕೆ ಅರೆಕೊಳೆತ ಅಡುಗೆಮನೆ ಗೊಬ್ಬರ ತುಂಬಿ, ಅದರಲ್ಲಿ ಸಸಿ ನೆಟ್ಟು, ಕಾಲು ಮೂಡಿದ್ದಕ್ಕೆ ನಾಟಿಯನ್ನು ಬೈಯುವವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಅದೇ ಕುಂಡದಲ್ಲಿ ಪಕ್ಕಕ್ಕೆ ನಾಲ್ಕು ಬೀಜವನ್ನೂ ಹಾಕಿ, ಎರಡನ್ನೂ ಕಿತ್ತು ಹೋಲಿಸಿ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಸಸಿ ಬದುಕುತ್ತದೆಯೇ ಎಂಬುದು ಒಂದು ಪ್ರಶ್ನೆ, ಬೇರು ನೆಟ್ಟಗೆ ಬರುತ್ತದೆಯೇ ಎಂಬುದು ಇನ್ನೊಂದು. “ಮತ್ತೆ ಹತ್ತೋದಿಲ್ಲ” ಎನ್ನುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಕ್ಯಾರೆಟ್ ಬೀಜೋತ್ಪಾದನೆ ನಡೆಯುವ ಕಡೆ ಹೋಗಿ ನೋಡಿದರೆ ಇವರು ತಬ್ಬಿಬ್ಬಾದಾರು. ಬಲಿತ ಕ್ಯಾರೆಟ್ಟುಗಳನ್ನು ಕಿತ್ತು, ಆಕಾರ ಬಣ್ಣ ನೋಡಿ ಒಳ್ಳೆಯದನ್ನು ಆರಿಸಿ, ಸೊಪ್ಪು ಕತ್ತರಿಸಿ, ಬೇರಿನ ತುದಿಯನ್ನೂ ಸವರಿ, ಮತ್ತೆ ಮಣ್ಣಿಗೆ ಊರುತ್ತಾರೆ. ಅದು ಚಿಗುರಿ, ಹೂ ಬಿಟ್ಟು, ಬೀಜ ಕಟ್ಟುತ್ತದೆ. ಮೂಲಂಗಿಗೂ ಈ ಕ್ರಮ ಇದೆ. ತಿನ್ನುವ ಕ್ಯಾರೆಟ್‌ಗೆ ಇದು ಉತ್ತರವಲ್ಲ, ಗೊತ್ತು. ಆದರೆ ಬಲಿತ ಬೇರನ್ನೇ ಕಿತ್ತು ನೆಟ್ಟು ಬದುಕಿಸಬಹುದಾದ ಗಿಡದ ಬಗ್ಗೆ, ಸಸಿಯನ್ನು ಮುಟ್ಟಿದರೆ ಸಾಯುತ್ತದೆ ಎಂದು ಹೆದರಿಸುವುದು ಯಾವ ಸೀಮೆಯ ಪಾಠ? ಸಾಯುವುದಿಲ್ಲ, ಸೊಟ್ಟಗಾಗುತ್ತದೆ. ಸೊಟ್ಟ ಕ್ಯಾರೆಟ್ಟನ್ನು ಮಂಡಿಯಲ್ಲಿ ಕೊಳ್ಳುವವರಿಲ್ಲ, ಆದ್ದರಿಂದ ಮಾರುವ ರೈತನಿಗೆ ನಿಯಮ ಬೇಕು. ಮನೆಯ ಕೈತೋಟದಲ್ಲಿ ಅದನ್ನು ಕೋಸಂಬರಿಗೆ ತುರಿದ ಮೇಲೆ ಕಾಲೆಷ್ಟಿದ್ದವು ಎಂದು ಲೆಕ್ಕ ಹಾಕುವವರು ಯಾರು?

ಆಕಾರದ ಹಂಗಿಲ್ಲದ ಕಡೆ ಬೇರು ತರಕಾರಿಯ ಬಂಧುವೊಂದು ಏನಾಗಿದೆ ಎಂಬುದಕ್ಕೆ ಜಪಾನಿನ ಹೊಕ್ಕೈಡೊ ನೋಡಬೇಕು. ಅಲ್ಲಿ ಬೆಳೆಯುವ ಸಕ್ಕರೆ ಬೀಟ್ ನಮ್ಮ ಕೆಂಪು ಬೀಟ್‌ರೂಟಿನ ಒಡಹುಟ್ಟು, ಒಂದೇ ಪ್ರಭೇದ. ಆದರೆ ಗುಂಡಗಲ್ಲ, ಕ್ಯಾರೆಟ್ಟಿನ ಹಾಗೆ ಕೆಳಕ್ಕೆ ಚೂಪಾಗಿ ಇಳಿಯುವ ದಪ್ಪ ಬೇರು. ನಿಯಮದ ಪ್ರಕಾರ ಅದನ್ನಂತೂ ಮುಟ್ಟಲೇ ಕೂಡದು. ಹೊಕ್ಕೈಡೊದಲ್ಲಿ ಹಿಮ ಕರಗುವುದು ತಡ, ಬೇಸಿಗೆ ಗಿಡ್ಡ. ಬಿತ್ತನೆಗೆ ಕಾದು ಕೂತರೆ ಬೆಳೆಗೆ ಕಾಲ ಸಾಲದು. ಅದಕ್ಕೆ ಅಲ್ಲಿನವರು ಜೇನುಗೂಡಿನಂತೆ ಅಂಟಿಕೊಂಡ ಕಾಗದದ ಕೊಳವೆಗಳಲ್ಲಿ ಸಸಿ ಎಬ್ಬಿಸಿ, ಹಿಮ ಹೋದ ಮೇಲೆ ಯಂತ್ರದಿಂದ ಹೊಲಕ್ಕೆ ನಾಟಿ ಮಾಡುವ ಪದ್ಧತಿ ಹೂಡಿದರು. ದಶಕಗಳ ಕಾಲ ಅಲ್ಲಿನ ಸಕ್ಕರೆ ಬೀಟ್‌ನ ಬಹುಪಾಲು ಹೀಗೆ ನಾಟಿಯಾಗಿಯೇ ಬೆಳೆದದ್ದು. ಈಚೆಗೆ ನೇರ ಬಿತ್ತನೆ ಹೆಚ್ಚುತ್ತಿದೆ, ಅದಕ್ಕೆ ಮುಖ್ಯ ಕಾರಣ ಕೂಲಿಯ ಖರ್ಚು ಮತ್ತು ಕೈಯಾಳುಗಳ ಕೊರತೆ. ನಾಟಿಯ ಬೀಟ್‌ಗೆ ಅಲ್ಲೊಂದು ಇಲ್ಲೊಂದು ಕವಲು ಬರುತ್ತದೆ ನಿಜ, ಆದರೆ ಕಾರ್ಖಾನೆಗೆ ಬೇಕಾದದ್ದು ತೂಕ ಮತ್ತು ಸಕ್ಕರೆ.

ಅಷ್ಟು ದೂರದ ಹೊಲ ಬೇಡ, ತರಕಾರಿಯ ತೋಟವೇ ಬೇಕು ಎನ್ನುವವರಿಗೆ ಇಂಗ್ಲೆಂಡಿನ ಸಾಮರ್‌ಸೆಟ್‌ನ ಚಾರ್ಲ್ಸ್ ಡೌಡಿಂಗ್ ಇದ್ದಾರೆ. ಅಗೆಯದೆ ತರಕಾರಿ ಬೆಳೆಯುವ ಕ್ರಮಕ್ಕೆ ಹೆಸರಾದವರು. ಅವರ ಬೀಟ್‌ರೂಟ್ ಬರುವುದು ಟ್ರೇಯಿಂದಲೇ. ಒಂದು ಗುಳಿಗೆ ನಾಲ್ಕಾರು ಬೀಜ ಹಾಕಿ, ಹುಟ್ಟಿದ ಸಸಿಗಳನ್ನು ಬಿಡಿಸದೆ ಗೊಂಚಲಾಗಿಯೇ ನೆಡುತ್ತಾರೆ. ಗಡ್ಡೆಗಳು ಒಂದನ್ನೊಂದು ತಳ್ಳಿಕೊಂಡು ಹೊರಕ್ಕೆ ಬೆಳೆಯುತ್ತವೆ, ದೊಡ್ಡದನ್ನು ತಿರುವಿ ಕಿತ್ತರೆ ಉಳಿದವಕ್ಕೆ ಜಾಗ. ಅಮೆರಿಕದ ಮೇನ್ ಸಂಸ್ಥಾನದ ಎಲಿಯಟ್ ಕೋಲ್ಮನ್ ಕೂಡ ಮಣ್ಣಿನ ಅಚ್ಚುಗಳಲ್ಲಿ ಇದನ್ನೇ ಮಾಡಿ ತೋರಿಸಿದವರು. ಕ್ಯಾರೆಟ್ಟನ್ನು ಮಾತ್ರ ಈ ಇಬ್ಬರೂ ನೇರವಾಗಿಯೇ ಬಿತ್ತುತ್ತಾರೆ. ಬೆಳೆಯಿಂದ ಬೆಳೆಗೆ ಬೇರೆ ಲೆಕ್ಕ ಇಡುವುದೆಂದರೆ ಹೀಗೆ.

ಈಗ ಆ ಕಾಂಪೋಸ್ಟಿಗೆ ಹೋದ ಸಸಿಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ನಿಜವಾಗಿ ಸಿಟ್ಟು ಬರುವುದು ಅಲ್ಲಿ. ಬೀಟ್‌ರೂಟಿನ ಬೀಜ ಎಂದು ನಾವು ಪೊಟ್ಟಣದಿಂದ ಸುರಿದುಕೊಳ್ಳುವುದು ಒಂದು ಬೀಜ ಅಲ್ಲ. ಬೆರಳ ತುದಿಯಲ್ಲಿ ಉರುಟಿ ನೋಡಿದರೆ ಬೆಂಡಿನಂಥ ಒರಟು ಗುಂಡು, ಅದಕ್ಕೆ ಅಲ್ಲಲ್ಲಿ ಮೂಲೆಗಳು. ಎರಡು ಮೂರು ಹೂವು ಒಟ್ಟಿಗೆ ಅಂಟಿ ಒಣಗಿದ ಕಾಯಿ ಅದು, ಪ್ರತಿ ಮೂಲೆಯೊಳಗೂ ಒಂದೊಂದು ನಿಜವಾದ ಬೀಜ. ಆದ್ದರಿಂದ ಎಷ್ಟೇ ಜತನದಿಂದ ಅಳತೆ ಇಟ್ಟು ಊರಿದರೂ ಒಂದೊಂದು ಕಡೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಸಿ ಏಳುತ್ತವೆ. ಒಂದು ಉಳಿಸಿ ಮಿಕ್ಕದ್ದನ್ನು ಕೀಳುವ ಕೆಲಸ ತಪ್ಪಿದ್ದಲ್ಲ. ಸಕ್ಕರೆ ಬೀಟ್ ಬೆಳೆಯುವ ದೇಶಗಳಲ್ಲಿ ಕೂಲಿಯವರು ಬಗ್ಗಿ ಬೆನ್ನು ಮುರಿದುಕೊಂಡದ್ದು ಈ ಕೆಲಸಕ್ಕೇ. 1948ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಸವಿಟ್ಸ್ಕಿ ಎಂಬ ವಿಜ್ಞಾನಿ ಒಂದು ಕಾಯಿಗೆ ಒಂದೇ ಬೀಜ ಕಟ್ಟುವ ಗಿಡಗಳನ್ನು ಹೊಲದಲ್ಲಿ ಹುಡುಕಿ ತೆಗೆದ ಮೇಲೆ ಆ ಬೆಳೆಯ ದುಡಿಮೆಯೇ ಬದಲಾಯಿತು. ನಮ್ಮ ಕೈತೋಟಕ್ಕೆ ಬರುವ ಕೆಂಪು ಬೀಟ್‌ರೂಟಿನ ಬೀಜ ಮಾತ್ರ ಬಹುಮಟ್ಟಿಗೆ ಈಗಲೂ ಗೊಂಚಲು ಬೀಜವೇ.

ಅಂದರೆ ಬೀಟ್‌ರೂಟ್ ತಾನಾಗಿಯೇ ಒಂದು ಒಟ್ಲು. ಬಿತ್ತಿದವರ ಕೈಗೆ ಬೇಡವೆಂದರೂ ಹೆಚ್ಚುವರಿ ಸಸಿ ಕೊಡುತ್ತದೆ. ಅದನ್ನು ಎಸೆಯಿರಿ ಎಂದು ಕಲಿಸುವ ಬದಲು ನೆಡುವುದನ್ನು ಕಲಿಸಬಹುದಿತ್ತು. ಕಷ್ಟದ ವಿದ್ಯೆಯೇನಲ್ಲ. ಸಸಿಗೆ ಮೂರು ನಾಲ್ಕು ಎಲೆ ಬಂದಾಗ, ಹಿಂದಿನ ಸಂಜೆಯೇ ಮಡಿಗೆ ಚೆನ್ನಾಗಿ ನೀರುಣಿಸಬೇಕು. ಮಾರನೆಯ ಸಂಜೆ, ಮೋಡವಿದ್ದರೆ ಇನ್ನೂ ಒಳ್ಳೆಯದು, ಗೊಂಚಲಿನ ಪಕ್ಕಕ್ಕೆ ಚಪ್ಪಟೆ ಕಡ್ಡಿಯನ್ನೋ ಹಳೆಯ ಚಮಚದ ಹಿಡಿಯನ್ನೋ ಇಳಿಸಿ ಮಣ್ಣು ಸಡಿಲಿಸಿ, ಎಲೆ ಹಿಡಿದು ಎತ್ತಬೇಕು. ಕೆಂಪು ಕುತ್ತಿಗೆಯನ್ನು ಹಿಡಿಯಬಾರದು. ನಾಳೆ ಗಡ್ಡೆಯಾಗುವುದು ಆ ಕುತ್ತಿಗೆ, ಅಲ್ಲಿ ಜಜ್ಜಿದರೆ ಕೊಳೆಯುತ್ತದೆ. ಬೇರಿನಷ್ಟು ಆಳಕ್ಕೆ ಕಡ್ಡಿಯಿಂದ ಗುಳಿ ಮಾಡಿ, ಬೇರು ಮಡಚದ ಹಾಗೆ ಇಳಿಬಿಟ್ಟು, ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟಕ್ಕೇ ಮಣ್ಣು ಒತ್ತಬೇಕು. ಟೊಮೆಟೊ ಅಭ್ಯಾಸದಲ್ಲಿ ಕುತ್ತಿಗೆಯವರೆಗೂ ಹೂಳಿದರೆ ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ, ಆಗ ಬೈಗುಳ ಮತ್ತೆ ನಾಟಿಗೇ ಬೀಳುತ್ತದೆ. ಹೊರಗಿನ ಒಂದೆರಡು ದೊಡ್ಡ ಎಲೆ ಚಿವುಟಿ, ಎರಡು ಮೂರು ಮಧ್ಯಾಹ್ನ ಮರೆ ಕೊಟ್ಟರೆ ಸಾಕು. ಮೊದಲ ದಿನಗಳಲ್ಲಿ ಎಲೆ ನೆಲಕ್ಕೆ ಒರಗಿ ಸತ್ತಂತೆಯೇ ಕಾಣುತ್ತದೆ. ಗಾಬರಿ ಬಿದ್ದು ಕಿತ್ತು ಎಸೆಯುವವರು ಎಸೆಯುವುದು ಆಗಲೇ. ನಡುವಿನ ಸುಳಿ ನೆಟ್ಟಗಿದೆಯೇ ಅಷ್ಟು ನೋಡಿ. ಅದು ನಿಂತಿದ್ದರೆ ಸಸಿ ನಿಂತಿದೆ.

“ಇಷ್ಟೆಲ್ಲ ರಗಳೆ ಯಾಕೆ, ಬೀಜ ಬಿತ್ತಿದರೆ ಮುಗಿಯಲಿಲ್ಲವೇ?” ಎಂಬುದು ನಿಯಮದವರ ಕೊನೆಯ ಬಾಣ. ಎಕರೆಗಟ್ಟಲೆ ಬೆಳೆಯುವವರ ಬಾಯಲ್ಲಿ ಈ ಪ್ರಶ್ನೆಗೆ ತೂಕ ಇದೆ. ಕೈತೋಟದಲ್ಲಿ ಅಷ್ಟಿಲ್ಲ. ಬೀಟ್‌ರೂಟ್ ಮಣ್ಣಲ್ಲಿ ಇರುವುದು ಎರಡರಿಂದ ಎರಡೂವರೆ ತಿಂಗಳು. ಅದರಲ್ಲಿ ಮೊದಲ ಮೂರು ನಾಲ್ಕು ವಾರ ಇಡೀ ಮಡಿಯಲ್ಲಿ ಬೆರಳುದ್ದದ ಸಸಿಗಳು, ನಡುವೆ ಕಳೆ. ತಾರಸಿಯ ಮೇಲೆ ನಾಲ್ಕು ಚೀಲ, ಆರು ಕುಂಡ ಇಟ್ಟುಕೊಂಡವರಿಗೆ ಆ ವಾರಗಳು ಪುಕ್ಕಟೆಯಲ್ಲ. ಅಷ್ಟು ದಿನ ಸಸಿ ಒಂದು ಟ್ರೇಯಲ್ಲಿ, ಅಡುಗೆಮನೆಯ ಕಿಟಕಿಯ ಹೊರಗೆ ಬೆಳೆಯಲಿ. ಕುಂಡದಲ್ಲಿ ಆಗ ಇನ್ನೊಂದು ಸುತ್ತು ಮೆಂತ್ಯವೋ ಹರಿವೆಯೋ ಬಂದುಹೋಗುತ್ತದೆ. ಮಳೆಗಾಲದ್ದು ಇನ್ನೊಂದು ತಾಪತ್ರಯ. ಕೆಂಪು ಮಣ್ಣಿನ ಮಡಿಗೆ ಜೋರು ಮಳೆ ಬಿದ್ದು ಮಾರನೆಯ ದಿನ ಬಿಸಿಲು ಕಾಯ್ದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿ, ಮೊಳಕೆ ಅದರ ಕೆಳಗೇ ಸುರುಳಿಯಾಗಿ ಉಳಿಯುತ್ತದೆ. ಎದ್ದದ್ದನ್ನು ಆಫ್ರಿಕನ್ ಬಸವನಹುಳು ಒಂದು ರಾತ್ರಿಯಲ್ಲಿ ಬೋಳಿಸುತ್ತದೆ. ಬೆಂಗಳೂರಿನ ಹಿತ್ತಿಲುಗಳಲ್ಲಿ ಇದನ್ನು ಕಾಣದವರು ಯಾರಿದ್ದಾರೆ? ನಾಲ್ಕು ಎಲೆಯ ಗಟ್ಟಿ ಸಸಿ ನೆಟ್ಟರೆ ಕನಿಷ್ಠ ಹೋರಾಟಕ್ಕಾದರೂ ನಿಲ್ಲುತ್ತದೆ.

ಮೂಲಂಗಿಯ ಸಸಿಯನ್ನು ನಾನೂ ನೆಡುವುದಿಲ್ಲ. ಬೇರಿನ ಭಯ ಅದಕ್ಕೆ ಅರ್ಧ ಕಾರಣ ಅಷ್ಟೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ನಿಶಾಂತ್ 50–55 ದಿನಕ್ಕೆ ಕೀಳಲು ಬರುತ್ತದೆ, ಪೂಸಾ ಚೇತಕಿ ಅದಕ್ಕೂ ಮುಂಚೆ. ಬಿತ್ತಿದ ನಾಲ್ಕನೆಯ ದಿನಕ್ಕೆ ಎದ್ದು ನಿಲ್ಲುವ ಬೆಳೆಗೆ ಟ್ರೇ, ನಾಟಿ, ಮರೆ, ಸೊರಗು ಎಂದೆಲ್ಲ ಒಂದು ವಾರ ಕಳೆಯುವುದು ದಂಡ. ಇದು ಲೆಕ್ಕಾಚಾರದ ಮಾತು. ನಿಷೇಧದ ಹೆಸರಿನಲ್ಲಿ ಹೇಳಿಕೊಟ್ಟರೆ ಕಲಿಯುವವರಿಗೆ ಆ ಲೆಕ್ಕ ಎಂದೂ ತಿಳಿಯುವುದಿಲ್ಲ.

ನಿಯಮಕ್ಕೆ ಬಲ ತುಂಬುತ್ತಿರುವ ಇನ್ನೊಂದು ಗುಂಪನ್ನೂ ಬಿಡುವ ಹಾಗಿಲ್ಲ. ನಗರದ ಕೆಲವು ನರ್ಸರಿಗಳಲ್ಲಿ ಈಗ ಕ್ಯಾರೆಟ್ ಸಸಿ ಟ್ರೇ ಟ್ರೇಯಾಗಿ ಮಾರಾಟಕ್ಕಿರುತ್ತದೆ. ಸಾಮಾನ್ಯ ಪ್ರೋಟ್ರೇಯ ಗುಳಿ ಬೆರಳಿನ ಅರ್ಧದಷ್ಟೂ ಆಳವಿರುವುದಿಲ್ಲ. ಅದರಲ್ಲಿ ತಿಂಗಳು ನಿಂತ ಕ್ಯಾರೆಟ್ಟಿನ ಬೇರು ತಳ ಮುಟ್ಟಿ, ರಂಧ್ರದಲ್ಲಿ ಗಾಳಿಗೆ ತುದಿ ಒಣಗಿಸಿಕೊಂಡು, ಸುತ್ತಿಕೊಂಡಿರುತ್ತದೆ. ಮಾರುವವರಿಗೆ ಇದು ತಿಳಿಯದ ವಿಷಯವಲ್ಲ. ಕೊಂಡವರು ನೆಟ್ಟು, ಮೂರು ತಿಂಗಳು ಕಾದು, ಜೇಡನ ಕಾಲಿನಂಥದ್ದನ್ನು ಕಿತ್ತು, ಇನ್ನು ಯಾವ ಗಡ್ಡೆಯನ್ನೂ ನಾಟಿ ಮಾಡುವುದಿಲ್ಲ ಎಂದು ಶಪಥ ಮಾಡುತ್ತಾರೆ. ಬೀಟ್‌ರೂಟ್ ಸಸಿಯಾದರೂ ಟ್ರೇಯಲ್ಲಿ ಐದಾರು ವಾರ ಬಾಡಿ, ಕುತ್ತಿಗೆ ಬಿರುಸಾಗಿದ್ದರೆ ಆಮೇಲೆ ದಪ್ಪವಾಗಲು ಮೊಂಡು ಹಿಡಿಯುತ್ತದೆ. ಇಲ್ಲಿ ಕೆಟ್ಟದ್ದು ಸಸಿಯ ವಯಸ್ಸು. ಟೊಮೆಟೊ ಸಸಿಯನ್ನು ಹಾಗೆ ಮುದಿಯಾಗಿಸಿ ನೆಟ್ಟರೂ ಬೆಳೆ ಕೆಡುತ್ತದೆ, ಆದರೆ ಟೊಮೆಟೊ ನಾಟಿ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ.

ನಮ್ಮ ರೈತರು ಎಂದೂ ಇಷ್ಟು ಒರಟಾಗಿ ಯೋಚಿಸಿದವರಲ್ಲ. ರಾಗಿಯನ್ನು ಕೂರಿಗೆಯಲ್ಲಿ ಬಿತ್ತುವ ಸೀಮೆಯಲ್ಲೇ ಪೈರು ಕಿತ್ತು ನಾಟಿ ಮಾಡುವುದೂ ನಡೆದಿದೆ, ಮಳೆ ಮತ್ತು ಕಾಲ ನೋಡಿಕೊಂಡು. ಹಾವೇರಿ ಕಡೆಯ ಗುಳಿ ರಾಗಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಚೌಕಳಿ ಗೆರೆ ಕೊರೆದು, ಗೆರೆ ಕೂಡುವಲ್ಲಿ ಗೊಬ್ಬರ ಹಾಕಿ ಸಸಿ ನೆಟ್ಟು, ಅದು ಬೇರು ಹಿಡಿದ ಮೇಲೆ ಎತ್ತಿನ ಹಿಂದೆ ಕೊರಡು ಕಟ್ಟಿ ಪೈರಿನ ಮೇಲೇ ಎಳೆಯುತ್ತಾರೆ. ಸಸಿ ಬಾಗಿ, ಪೆಟ್ಟು ತಿಂದು, ಬುಡದಲ್ಲಿ ತೆಂಡೆ ಒಡೆಯುತ್ತದೆ. ಯಾವ ಬೆಳೆಗೆ ಎಲ್ಲಿ ಪೆಟ್ಟು ಬಿದ್ದರೆ ಲಾಭ, ಎಲ್ಲಿ ಬಿದ್ದರೆ ನಷ್ಟ ಎಂಬ ಈ ತಿಳಿವಳಿಕೆ ಹೊಲದಲ್ಲಿ ಇದ್ದದ್ದು ತಾರಸಿಗೆ ಹತ್ತುವಾಗ ಮೆಟ್ಟಿಲ ಮೇಲೆಲ್ಲೋ ಉದುರಿಹೋಗಿದೆ.

ಕ್ಯಾರೆಟ್ ಬಿಟ್ಟರೆ ಇಲ್ಲ ಎನ್ನುವವರಿಗೂ ಬಿತ್ತುವುದು ಮತ್ತು ನೆಡುವುದರ ನಡುವೆ ಒಂದು ದಾರಿ ಇದೆ. ಕ್ಯಾರೆಟ್ ಬೀಜದ ದೊಡ್ಡ ಕಾಟ ನಿಧಾನ. ಎದ್ದು ಕಾಣಲು ಹತ್ತು ಹದಿನೈದು ದಿನ ಬೇಕು, ಅಷ್ಟು ದಿನವೂ ಮೇಲ್ಮಣ್ಣು ಆರಬಾರದು. 1970ರ ದಶಕದಲ್ಲಿ ಇಂಗ್ಲೆಂಡಿನ ವೆಲ್ಸ್‌ಬೋರ್ನ್‌ನ ರಾಷ್ಟ್ರೀಯ ತರಕಾರಿ ಸಂಶೋಧನಾ ಕೇಂದ್ರದವರು ಬೀಜವನ್ನು ಮೊದಲೇ ಮೊಳಕೆ ಬರಿಸಿ, ಲೋಳೆಯಂಥ ದ್ರವದಲ್ಲಿ ತೇಲಿಸಿ, ಸಾಲಿಗೆ ಹರಿಯಬಿಡುವ ಕ್ರಮವನ್ನು ರೂಪಿಸಿದರು. ಕ್ಯಾರೆಟ್‌ಗೂ ಅದನ್ನು ಹೊಂದಿಸಿದರು. ಭತ್ತವನ್ನು ಮೊಳಕೆ ಕಟ್ಟಿ ಚೆಲ್ಲುವ ನಾಡಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒದ್ದೆ ಬಟ್ಟೆಯಲ್ಲಿ ನಾಲ್ಕೈದು ದಿನ ಕಟ್ಟಿಟ್ಟು, ಬಿಳಿ ಮೊಳಕೆ ಎಳ್ಳಿನಷ್ಟು ಇಣುಕುತ್ತಲೇ, ತೆಳುವಾದ ಜೋಳದ ಹಿಟ್ಟಿನ ಗಂಜಿ ಆರಿದ ಮೇಲೆ ಅದರಲ್ಲಿ ಬೀಜ ಕದಡಿ, ಮೂಲೆ ಕತ್ತರಿಸಿದ ಪ್ಲಾಸ್ಟಿಕ್ ಚೀಲದಿಂದ ಸಾಲಿನಲ್ಲಿ ಹಿಂಡಿದರೆ ಆಯಿತು. ಮೊಳಕೆ ಅಕ್ಕಿಕಾಳಿನಷ್ಟು ಉದ್ದವಾಗುವ ತನಕ ಕಾದರೆ ಹಿಂಡುವಾಗ ಮುರಿಯುತ್ತದೆ.